ಗ್ಲೂ ಸ್ಟಿಕ್ಕು, ಬೀಟ್ ಪೊಲೀಸು, ನಿನ್ನ ಸ್ಕ್ರಿಪ್ಟು

ತಮ್ಮಾ,

ನಿನ್ನ ಸ್ಕ್ರಿಪ್ಟ್ ಬಂದು ಹದಿನೈದು ದಿನ ಆಯ್ತು, ಬೈಕೋಬೇಡ, ಎರಡ್ಸಲ ಓದ್ದೆ. ಮೊದ್ಲು ಒಂದ್ ವಿಷ್ಯ, ಮೇಡಂ ಗೀಡಂ ಅಂತೆಲ್ಲಾ ಬರೀಬೇಡ, ಅಕ್ಕ ಅಂದ್ರೆ ಸಾಕು. ಕೊರಿಯನ್ ಸೀರೀಸ್ ನೋಡಿ ನೋಡಿನೇ ಪೊಲೀಸ್ ಕಥೆ ಬರೆಯೋ ಆಸೆ ಆಯ್ತು ಅಂದಿದ್ದೀಯ, ಖುಷಿ ಆಯ್ತು ಕಣೋ, ನಂಗೂ ಅದೇ ಹುಚ್ಚು, ಲಾಕ್‌ಡೌನಲ್ಲಿ ಹತ್ತಿದ್ದು ಇನ್ನೂ ಇಳಿದಿಲ್ಲ. ಆದ್ರೆ ಸ್ಕ್ರಿಪ್ಟ್ ಮುಗಿಸಿದ್ಮೇಲೆ ಅನ್ಸಿದ್ದು ಹೇಳ್ತೀನಿ, ನೀನು ಅವರ ಹತ್ರ ಕದ್ದಿರೋದು ಮಳೆ, ನಿಯಾನ್ ಲೈಟು, ಉದ್ದ ಕೋಟು. ಕದಿಯೋಕೆ ಅಲ್ಲಿ ಬೇರೆ ಮಾಲಿತ್ತು.

'ಮಿಸೆಂಗ್' ನೋಡಿದ್ದೀಯಾ? 2014ರದ್ದು, 20 ಎಪಿಸೋಡು, ಯೂನ್ ತೇ-ಹೋ ಬರೆದ ವೆಬ್‌ಟೂನ್, ಅಂದ್ರೆ ಇಂಟರ್ನೆಟ್ ಕಾಮಿಕ್ಸ್, ಇಟ್ಕೊಂಡು ಮಾಡಿದ್ದು. ಅದ್ರಲ್ಲಿ ಒಂದ್ ಕೊಲೆ ಇಲ್ಲ, ಲವ್ ಸ್ಟೋರಿ ಅನ್ನೋ ಹಾಗೂ ಇಲ್ಲ, ಕೊರಿಯಾ ರಾಜಧಾನಿ ಸೋಲ್‌ನಲ್ಲಿರೋ ಒಂದು ಟ್ರೇಡಿಂಗ್ ಕಂಪನಿ, ಟೇಬಲ್ಲು, ಜೆರಾಕ್ಸ್ ಮಷೀನು, ಅಷ್ಟೇ. ಜಾಂಗ್ ಗ್ರೇ ಅನ್ನೋ ಹುಡ್ಗ ಬಾದುಕ್ ಅನ್ನೋ, ಕಪ್ಪು ಬಿಳಿ ಕಲ್ಲಿಟ್ಟು ಆಡೋ ಬೋರ್ಡ್ ಆಟದಲ್ಲಿ ಪ್ರೊಫೆಷನಲ್ ಆಗೋಕೆ ಚಿಕ್ಕಂದಿನಿಂದ ಒದ್ದಾಡಿ, ಆಗದೆ, ಡಿಗ್ರಿ ಇಲ್ಲದೆ, ಯಾರೋ ಹೇಳಿಸಿ ಇಂಟರ್ನ್ ಆಗಿ ಸೇರ್ತಾನೆ. ಹಂಗೆ ವಶೀಲಿ ಮೇಲೆ ಬಂದೋರಿಗೆ ಅಲ್ಲಿ ಪ್ಯಾರಾಚೂಟ್ ಅಂತಾರೆ, ಮೇಲಿಂದ ಇಳ್ದೋನು. ಈಗ ನೋಡು, ಒಂದಿನ ಪಕ್ಕದ ಟೀಮಿನ ಇಂಟರ್ನ್ ಬಂದು ಗ್ಲೂ ಸ್ಟಿಕ್ ಕೇಳ್ತಾನೆ, ಇವ್ನು ಕೊಡ್ತಾನೆ, ಆ ಗಮ್ಮಿಗೆ ಇವರ ಟೀಮಿನ ಪೇಪರ್ ಒಂದು ಅಂಟ್ಕೊಂಡು ಹೋಗಿ ಲಾಬಿಯಲ್ಲಿ ಬೀಳುತ್ತೆ, ಅದು ದೊಡ್ಡೋರ ಕೈಗೆ ಸಿಗುತ್ತೆ, ಬೈಗುಳ ಎಲ್ಲಾ ಗ್ರೇ ತಲೆ ಮೇಲೆ. ಬಾಸ್ ಓ ಸಾಂಗ್-ಶಿಕ್‌ಗೆ ನಿಜ ಆಮೇಲೆ ಗೊತ್ತಾಗುತ್ತೆ, ಆದ್ರೂ ಸಾರಿ ಗೀರಿ ಏನೂ ಕೇಳಲ್ಲ. ರಾತ್ರಿ ಕುಡ್ದು ಬರ್ತಿರೋವಾಗ ಆ ಪಕ್ಕದ ಟೀಮಿನ ಮ್ಯಾನೇಜರ್ ಸಿಕ್ಕಿದ್ದೇ ತಡ ಜಗಳಕ್ಕೆ ನಿಲ್ತಾನೆ, ನಿಮ್ ಹುಡ್ಗ ಮಾಡಿದ್ದಕ್ಕೆ ನಮ್ ಹುಡ್ಗ ಬೈಸ್ಕೊಂಡ ಅಂತ. ನಮ್ ಹುಡ್ಗ! ಪಕ್ಕದಲ್ಲಿ ನಿಂತು ಗ್ರೇ ಅದನ್ನ ಕೇಳಿಸ್ಕೊಳ್ತಾನೆ. ನಾನು ಆ ಜಾಗಕ್ಕೆ ಬಂದಾಗೆಲ್ಲಾ ಅತ್ತಿದ್ದೀನಿ, ನಾಚಿಕೆ ಏನಿಲ್ಲ ಹೇಳೋಕೆ.

ಒಂದು ಗ್ಲೂ ಸ್ಟಿಕ್ ಇಷ್ಟೆಲ್ಲಾ ಮಾಡಿದ್ದು ಹೇಗೆ ಅಂತ ಯೋಚ್ನೆ ಮಾಡು. ಆಫೀಸಲ್ಲಿ ಯಾರ ಪೇಪರ್ ಯಾರ ಜವಾಬ್ದಾರಿ, ಬಿದ್ರೆ ಯಾರು ಬೈಸ್ಕೊಳ್ಬೇಕು, ಯಾರ ಮುಂದೆ ಯಾರು ಬಾಯಿ ಬಿಡೋ ಹಾಗಿಲ್ಲ, ಇದೆಲ್ಲಾ ಮೊದಲೇ ನಮ್ ತಲೇಲಿ ಕೂತಿರತ್ತೆ, ಹಾಗಾಗಿ ಚಿಕ್ಕ ಪೇಪರ್ ಬಿದ್ರೂ ಎದೆ ಧಸಕ್ ಅನ್ನುತ್ತೆ. ನಿನ್ ಸ್ಕ್ರಿಪ್ಟಲ್ಲಿ ಮೂರು ಹೆಣ ಬಿದ್ದಿದೆ, ಒಂದಕ್ಕೂ ಹಂಗಾಗ್ಲಿಲ್ಲ. ಮಿಸೆಂಗ್ ಅಂದ್ರೆ ಬಾದುಕ್ ಆಟದಲ್ಲಿ ಉಳಿಯುತ್ತೋ ಸಾಯುತ್ತೋ ಇನ್ನೂ ತೀರ್ಮಾನ ಆಗದ ಕಲ್ಲು. ಎರಡು ವರ್ಷದ ಕಾಂಟ್ರಾಕ್ಟ್ ಮುಗಿದ್ಮೇಲೆ ಹುಡ್ಗನ್ನ ಪರ್ಮನೆಂಟ್ ಮಾಡಲ್ಲ, ಹೊರಗೆ. ಸೀರೀಸ್ ಬಂದ 2014ರ ಕೊನೇಲಿ ಅಲ್ಲಿನ ಸರ್ಕಾರ ಕಾಂಟ್ರಾಕ್ಟ್ ಅವಧಿನ ಎರಡರಿಂದ ನಾಲ್ಕು ವರ್ಷಕ್ಕೆ ಏರಿಸೋ ಪ್ರಸ್ತಾಪ ತಂದಾಗ ಅದಕ್ಕೆ ಬಿದ್ದ ಅಡ್ಡಹೆಸ್ರೇ ಜಾಂಗ್ ಗ್ರೇ ಕಾನೂನು. ಕಾರ್ಮಿಕ ಸಂಘದೋರು ಬೇಡವೇ ಬೇಡ ಅಂದ್ರು, ಮೂಲ ಬರೆದ ಯೂನ್ ತೇ-ಹೋಗೂ ಅದು ಹಿಡಿಸ್ಲಿಲ್ಲ.

ಇನ್ನು ಪೊಲೀಸ್ ವಿಷ್ಯ. ಕೊರಿಯನ್ ಪೊಲೀಸ್ ಸೀರೀಸಲ್ಲಿ ನೀನು 'ಸಿಗ್ನಲ್' ಬಗ್ಗೆ ಎರಡು ಪುಟ ಬರ್ದಿದ್ದೀಯ, 'ಲೈವ್' ಬಗ್ಗೆ ಒಂದು ಸಾಲೂ ಇಲ್ಲ, ಬಹುಶಃ ಬೋರ್ ಅಂತ ಬಿಟ್ಟಿರ್ತೀಯ. 2018ರದ್ದು, ನೋ ಹೀ-ಕ್ಯುಂಗ್ ಬರೆದಿದ್ದು, 18 ಎಪಿಸೋಡು. ಅದು ಡಿಟೆಕ್ಟಿವ್‌ಗಳ ಕಥೆ ಅಲ್ಲ, ಹೋಂಗಿಲ್ ಅನ್ನೋ ಕಲ್ಪಿತ ಏರಿಯಾದ ಗಸ್ತು ಪೊಲೀಸ್ರದ್ದು, ಕುಡ್ದು ಬಿದ್ದೋರನ್ನ ಎತ್ತೋರು, ಗಂಡ ಹೆಂಡ್ತಿ ಜಗಳ ಬಿಡಿಸೋರು. ಇಬ್ರು ಹೊಸಬ್ರು ಬರ್ತಾರಲ್ಲ, ಅವ್ರು ದೇಶಸೇವೆ ಅಂತ ಬಂದೋರಲ್ಲ, ಆ ಹುಡ್ಗಿ ಇಂಟರ್‌ವ್ಯೂ ಕೊಟ್ಟು ಕೊಟ್ಟು ಸಾಕಾಗಿ, ಆ ಹುಡ್ಗ ಕೆಲ್ಸಕ್ಕಿದ್ದ ಕಂಪನಿನೇ ಮೋಸ ಅಂತ ಗೊತ್ತಾಗಿ, ಗೌರ್ಮೆಂಟ್ ಕೆಲ್ಸ ಆದ್ರೆ ತೆಗೆಯಲ್ವಲ್ಲ ಅಂತ ಪರೀಕ್ಷೆ ಕಟ್ಟಿದೋರು. ಸೋಲ್‌ನಲ್ಲಿ ನೋರ್ಯಾಂಗ್‌ಜಿನ್ ಅಂತ ಒಂದ್ ಏರಿಯಾನೇ ಇದೆ ಇದಕ್ಕೆ, ಕೋಚಿಂಗ್ ಸೆಂಟರು, ಗೂಡಿನಂಥ ರೂಮು, ಅಗ್ಗದ ಊಟ, ನಮ್ ಧಾರವಾಡದಲ್ಲಿ ಹುಡುಗ್ರು ಪಿಎಸ್‌ಐ ಎಕ್ಸಾಮಿಗೆ ಅಂತ ವರ್ಷಗಟ್ಲೆ ಕೂರ್ತಾರಲ್ಲ, ಹಂಗೇ. ಈ ಕಾರಣಕ್ಕೆ ಬಂದೋನು ಮೊದಲ್ನೇ ರಾತ್ರಿ ಡ್ಯೂಟೀಲಿ ಹೆದರೋ ಹೆದ್ರಿಕೆನೇ ಬೇರೆ ಕಣೋ, ಸಾವಿಗಿಂತ ಸಸ್ಪೆನ್ಷನ್‌ಗೆ ಜಾಸ್ತಿ ಹೆದರ್ತಾನೆ. ಕೊನೆ ಕೊನೆಗೆ ಫ್ಯಾಮಿಲಿ ಗೋಳು ಸ್ವಲ್ಪ ಜಾಸ್ತಿ ಆಯ್ತು ಅನ್ನೋದು ನಂದು, ಆದ್ರೂ ಒಂದ್ಸಲ ಪೂರ್ತಿ ನೋಡು, ಓಡಿಸ್ಕೊಂಡು ನೋಡ್ಬೇಡ.

ನಾನೂ ನಿನ್ನ ಹಂಗೇ ಇದ್ದೆ. ಬಹಳ ಹಿಂದೆ ಒಂದು ಚಾನೆಲ್ಲಿಗೆ ಇನ್ಸ್‌ಪೆಕ್ಟರ್ ಸೀರಿಯಲ್ ಬರೀತಿದ್ದೆ, ದಿನಾ ಚೇಸು, ದಿನಾ ಪಿಸ್ತೂಲು. ನಮ್ ಬೀದೀಲಿ ರಿಟೈರ್ ಆದ ಹೆಡ್ ಕಾನ್‌ಸ್ಟೇಬಲ್ ಒಬ್ರು ಇದ್ರು, ಒಂದಿನ ಹಾಲಿನ ಬೂತ್ ಹತ್ರ ಹಿಡ್ಕೊಂಡು ಕೇಳಿದ್ರು, ಏನಮ್ಮಾ, ನಿಮ್ ಇನ್ಸ್‌ಪೆಕ್ಟ್ರು ಮಹಜರ್ ಯಾವಾಗ ಬರೀತಾರೆ ಅಂತ. ನಾನು ನಕ್ಕೆ, ಅವ್ರು ನಗಲಿಲ್ಲ. ಸ್ಟೇಷನಲ್ಲಿ ಕಂಪ್ಲೇಂಟ್ ಬರ್ಕೊಳೋನಿಗೆ ನಾವು ರೈಟರ್ ಅಂತೀವಿ, ಇಪ್ಪತ್ತು ವರ್ಷ ನಾನೂ ರೈಟರೇ ಅಂದ್ರು. ಪೆನ್ನಿಗೆ ಇಂಕ್ ಖಾಲಿ ಆಗೋದು, ಸಾಕ್ಷಿಗೆ ಸೈನ್ ಹಾಕೋಕೆ ಯಾರೂ ಬರ್ದೇ ಇರೋದು, ಬಸ್ಸಿಗೆ ಲೇಟಾಯ್ತು ಬಿಡಿ ಸಾರ್ ಅನ್ನೋದು, ಇದೆಲ್ಲಾ ಅವತ್ತು ಅರ್ಧ ಗಂಟೆ ಹೇಳಿದ್ರು. ಹಾಲು ಒಡೆದೋಯ್ತು. ಆ ಅರ್ಧ ಗಂಟೇಲಿ ಇದ್ದಷ್ಟು ಕಥೆ ನಾನು ಬರೆದ ಅಷ್ಟೂ ಎಪಿಸೋಡಲ್ಲಿ ಇರ್ಲಿಲ್ಲ.

ಸಿಗ್ನಲ್ ಬೇಡ ಅಂತಿಲ್ಲ ನಾನು. ಆದ್ರೆ ಅದ್ರಲ್ಲಿ ನೀನು ಹಳೇ ಕಾಲದ ಪೊಲೀಸ್ ಜೊತೆ ಮಾತಾಡಿಸೋ ವಾಕಿಟಾಕಿ ಮ್ಯಾಜಿಕ್ ನೋಡ್ದೆ, ಕಿಮ್ ಉನ್-ಹೀ ಬರೆಯೋವಾಗ ಇಟ್ಕೊಂಡಿದ್ದು ಕಾನೂನಿನ ಗಡಿಯಾರ. ಇಷ್ಟು ವರ್ಷ ಕಳೆದ್ರೆ ಕೊಲೆಗಾರ ಸಿಕ್ರೂ ಕೇಸ್ ಹಾಕೋ ಹಾಗಿಲ್ಲ ಅನ್ನೋ ನಿಯಮ, ಕೊಲೆಗೆ ಅದನ್ನ ಕೊರಿಯಾ ತೆಗೆದುಹಾಕಿದ್ದೇ 2015ರಲ್ಲಿ, ಸೀರೀಸ್ ಬಂದಿದ್ದು 2016ರ ಜನವರಿ. ಹ್ವಾಸಾಂಗ್ ಅನ್ನೋ ಊರಲ್ಲಿ 1986ರಿಂದ 91ರವರೆಗೆ ನಡೆದ ಹೆಂಗಸರ ಕೊಲೆಗಳ ನೆರಳು ಅದರ ಮೇಲಿದೆ. 2019ರಲ್ಲಿ ಡಿಎನ್‌ಎ ಇಂದ ಆ ಮನುಷ್ಯ ಯಾರು ಅಂತ ಗೊತ್ತಾಯ್ತು, ಬೇರೆ ಕೊಲೆಗೆ ಆಗ್ಲೇ ಜೈಲಲ್ಲಿದ್ದ, ಆದ್ರೆ ಹಳೇ ಕೇಸುಗಳ ಗಡುವು ಮುಗಿದು ಎಷ್ಟೋ ವರ್ಷ ಆಗಿತ್ತು, ಏನೂ ಮಾಡೋ ಹಾಗಿಲ್ಲ. ಅದ್ರಲ್ಲಿ ಒಂದು ಕೊಲೆಗೆ ಇನ್ಯಾರೋ 20 ವರ್ಷ ಜೈಲಲ್ಲಿ ಕೊಳೆತು ಬಂದಿದ್ದ, ಅವನು ನಿರಪರಾಧಿ ಅಂತ ಕೋರ್ಟ್ ಹೇಳಿದ್ದು 2020ರ ಡಿಸೆಂಬರಲ್ಲಿ. ನಿನ್ ಕಥೇಲಿ ವಿಲನ್ನು ಸಿಗರೇಟ್ ಸೇದ್ಕೊಂಡು ಇಂಗ್ಲಿಷ್ ಡೈಲಾಗ್ ಹೊಡೀತಾನೆ. ಅವನನ್ನ ಸ್ವಲ್ಪ ಪಕ್ಕಕ್ಕೆ ಕೂರಿಸಿ, ನಿನ್ ಇನ್ಸ್‌ಪೆಕ್ಟರ್ ಕೈ ಕಟ್ಟಿಹಾಕೋ ನಿಯಮ ಯಾವ್ದು ಅಂತ ಹುಡುಕು, ಅವಧಿ ಮೀರಿದ ಚಾರ್ಜ್‌ಶೀಟೋ, ಠಾಣೆಯ ಸರಹದ್ದೋ, ಟ್ರಾನ್ಸ್‌ಫರ್ ಆರ್ಡರ್ರೋ, ಏನಾದ್ರೂ ಸಿಗುತ್ತೆ.

ಮತ್ತೆ ಮಾತು. ಇಂಗ್ಲಿಷ್ ಸಬ್‌ಟೈಟಲ್ ಓದ್ಕೊಂಡು ನೋಡಿ ನೋಡಿ ನಿನ್ ಡೈಲಾಗ್ ಕೆಟ್ಟಿದೆ ಅನ್ಸುತ್ತೆ. ಕೊರಿಯನ್ನಲ್ಲಿ ಸಾಮಾನ್ಯವಾಗಿ ಬಾಸನ್ನ ಬರೀ ಹೆಸ್ರಿಡ್ದು ಕರೆಯಲ್ಲ, ಓ ಗ್ವಾಜಂಗ್ ಅಂತ ಮನೆತನ ಪ್ಲಸ್ ಹುದ್ದೆ, ಪ್ರಮೋಷನ್ ಆದ ಮೇಲೆ ಅದೇ ಮನುಷ್ಯ ಓ ಚಾಜಂಗ್, ಕರೆಯೋ ಹೆಸ್ರೇ ಬದಲಾಗುತ್ತೆ. ಕ್ರಿಯಾಪದದ ಕೊನೇಲಿ ಮರ್ಯಾದೆ ಏರುತ್ತೆ ಇಳಿಯುತ್ತೆ, ಸಬ್‌ಟೈಟಲಲ್ಲಿ ಎಲ್ಲಾ ಒಂದೇ 'ಯೂ'. ನಮಗೇನ್ ಕಮ್ಮಿನಾ, ನೀನು, ನೀವು, ತಾವು, ರೀ, ಏನಯ್ಯಾ, ಏನ್ರೀ ಸಾಹೇಬ್ರೇ ಎಲ್ಲಾ ಇದೆ. ನಿನ್ ಎಎಸ್‌ಐಗೆ ಐವತ್ತೈದು ವರ್ಷ, ಪಿಎಸ್‌ಐಗೆ ಇಪ್ಪತ್ತಾರು, ಆ ಹುಡ್ಗ ಇವರನ್ನ ಜನರ ಮುಂದೆ ಏನಂತ ಕರೀತಾನೆ, ಜೀಪಲ್ಲಿ ಇಬ್ರೇ ಇದ್ದಾಗ ಏನಂತ? ಅದು ಗೊತ್ತಾದ್ರೆ ನಾಲ್ಕು ಸೀನ್ ತಾನಾಗೇ ಬರುತ್ತೆ.

ಸ್ಕ್ರಿಪ್ಟ್ ವಾಪಸ್ ಕಳಿಸ್ತಿದ್ದೀನಿ, ಕೆಂಪು ಪೆನ್ನಲ್ಲಿ ಗೀಚಿದ್ದೀನಿ, ಕೋಪ ಮಾಡ್ಕೋಬೇಡ. ಪುಟ 9ರ ಲಾಕಪ್ ಸೀನ್ ಚೆನ್ನಾಗಿದೆ, ಮುಟ್ಬೇಡ. ಪುಟ 14ರಲ್ಲಿ ರಾತ್ರಿ ಎರಡು ಗಂಟೆಗೆ ಇನ್ಸ್‌ಪೆಕ್ಟರ್ ಕಿಟಕಿ ಹತ್ರ ನಿಂತು ಬಿಸಿ ಬಿಸಿ ಕಾಫಿ ಕುಡೀತಾನಲ್ಲ, ಅಷ್ಟೊತ್ತಲ್ಲಿ ಆ ಕಾಫಿ ತಂದ್ಕೊಟ್ಟೋರು ಯಾರು, ಎಲ್ಲಿಂದ ತಂದ್ರು, ಅವ್ರಿಗೆ ಡ್ಯೂಟಿ ಮುಗಿಯೋದು ಎಷ್ಟೊತ್ತಿಗೆ? ಬರ್ದು ಕಳ್ಸು.

ಅಕ್ಕ