ಓಡಿಹೋದವರು ಅನ್ನುವ ಮೊದಲು

ಪ್ರೀತಿಯ ಪ್ರವೀಣ,

ನಿನ್ನ ಪತ್ರ ಓದಿದೆ. ಬುಡಾಪೆಸ್ಟ್‌ನಲ್ಲಿ ರೂಮು ಸಿಕ್ಕಿತು, ಕ್ಲಾಸು ಶುರುವಾಯಿತು ಎಂದು ತಿಳಿದು ಸಮಾಧಾನವಾಯಿತು. ಆದರೆ ಒಂದು ಸಾಲು ಮನಸ್ಸಿನಿಂದ ಹೋಗುತ್ತಿಲ್ಲ. ನಿನ್ನ ಗೆಳೆಯನ ಅಜ್ಜ ಹಂಗೇರಿಯ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಎದ್ದ 1956ರ ದಂಗೆಯಲ್ಲಿ ಸೇರಿ ಜೈಲು ಕಂಡರು, ಅಜ್ಜನ ತಮ್ಮ ಆಸ್ಟ್ರಿಯಾಕ್ಕೆ ಓಡಿಹೋದರು. ‘ಒಬ್ಬರು ವೀರರು, ಇನ್ನೊಬ್ಬರು ಹೇಡಿ’ ಎಂದು ಬರೆದಿದ್ದೀಯ. ಆ ಮಾತನ್ನು ಅವರ ಮನೆಯಲ್ಲಿ ಆಡಿಲ್ಲ ತಾನೇ? ಆಡಿದ್ದರೆ ಹೋಗಿ ಕ್ಷಮೆ ಕೇಳು.

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಹಂಗೇರಿಯ ವಿಷಯ ಬಂದಾಗ ಎರಡು ನಿಮಿಷದಲ್ಲಿ ಮುಗಿಸಿ ಮುಂದೆ ಹೋಗುತ್ತಿದ್ದೆ. ಅದು ತಪ್ಪು ಎಂದು ಆಮೇಲೆ ಓದಿದಾಗ ತಿಳಿಯಿತು. ನೀನು ಅಲ್ಲೇ ಇದ್ದೀಯ, ನಿನಗೆ ಆ ತಪ್ಪು ಬೇಡ.

ಮೊದಲು ಆ ಜನ ಹೇಗೆ ಬದುಕಿದ್ದರು ಅಂತ ನೋಡು. ದಂಗೆಗೆ ಮೊದಲು ದೇಶ ಆಳಿದ ಕಮ್ಯುನಿಸ್ಟ್ ನಾಯಕ ರಾಕೋಶಿಯ ಕಾಲದಲ್ಲಿ ರೈತರು ಇಷ್ಟು ಧಾನ್ಯ ಕೊಡಲೇಬೇಕು ಎಂದು ಸರ್ಕಾರ ಲೆಕ್ಕ ಹಾಕುತ್ತಿತ್ತು. ಕೊಡಲಾಗದವರ ಮನೆಗೆ ನುಗ್ಗಿ, ಬಿತ್ತನೆಗೆ ಇಟ್ಟ ಕಾಳನ್ನೂ ಬಿಡದೆ ಬಾಚಿಕೊಂಡು ಹೋಗುತ್ತಿದ್ದರು. ಹಳ್ಳಿಯ ಜನ ಅದಕ್ಕೆ ‘ಅಟ್ಟ ಗುಡಿಸುವುದು’ ಎಂದೇ ಹೆಸರಿಟ್ಟಿದ್ದರು. ಪಟ್ಟಣದಲ್ಲಿ ಗುಪ್ತ ಪೊಲೀಸರ ಭಯ. ರಾತ್ರಿ ಬಾಗಿಲ ಗಂಟೆ ಬಾರಿಸಿದರೆ ಎದೆ ನಡುಗುವುದಕ್ಕೂ ಅವರ ಭಾಷೆಯಲ್ಲಿ ಒಂದು ಪದವಿದೆ. ನಿನ್ನ ಗೆಳೆಯನನ್ನು ಕೇಳು, ಅವನಿಗೆ ಗೊತ್ತಿರುತ್ತದೆ.

ಅಂಥ ಜನ ಅಕ್ಟೋಬರ್ 23ರಂದು ಬೀದಿಗೆ ಬಂದರು. ಶುರು ಮಾಡಿದವರು ನಿನ್ನ ಹಾಗೆ ಓದುವ ಹುಡುಗರು. ಸಂಜೆಯ ಹೊತ್ತಿಗೆ ಫ್ಯಾಕ್ಟರಿ ಕೆಲಸಗಾರರೂ ಸೇರಿಕೊಂಡರು. ಸ್ಟಾಲಿನ್ ಪ್ರತಿಮೆ ಕೆಡವಿದಾಗ ಪೀಠದ ಮೇಲೆ ಉಳಿದದ್ದು ಬೂಟು ಮಾತ್ರ. ಧ್ವಜದ ನಡುವಿದ್ದ ಕಮ್ಯುನಿಸ್ಟ್ ಲಾಂಛನ ಕತ್ತರಿಸಿ ತೆಗೆದು, ತೂತಿನ ಧ್ವಜವನ್ನೇ ಹಿಡಿದು ನಡೆದರು. ಸೋವಿಯತ್ ಟ್ಯಾಂಕಿನ ಮುಂದೆ ಪೆಟ್ರೋಲ್ ಬಾಟಲಿ ಹಿಡಿದು ನಿಂತವರಲ್ಲಿ ಹದಿನೈದು ಹದಿನಾರರ ಹುಡುಗರೂ ಇದ್ದರು. ಇದಕ್ಕಿಂತ ನನ್ನನ್ನು ಜಾಸ್ತಿ ಕಲಕುವುದು ಇನ್ನೊಂದು. ಸತ್ತವರ ಮನೆಯವರಿಗಾಗಿ ಬೀದಿಯಲ್ಲಿ ಹಣದ ಪೆಟ್ಟಿಗೆ ಇಟ್ಟಿದ್ದರು. ಕಾವಲು ಇರಲಿಲ್ಲ. ಆದರೂ ಆ ದುಡ್ಡನ್ನು ಯಾರೂ ಮುಟ್ಟಲಿಲ್ಲ.

ನವೆಂಬರ್ 4ರ ನಸುಕಿನಲ್ಲಿ ದಂಗೆ ಅಡಗಿಸಲು ಸೋವಿಯತ್ ಸೇನೆ ನುಗ್ಗಿತು. ಸುಮಾರು 2,500 ಹಂಗೇರಿಯನ್ನರು ಸತ್ತರು. ದಂಗೆಯ ಪರ ನಿಂತ ಪ್ರಧಾನಿ ಇಮ್ರೆ ನಾಜ್ ಅವರನ್ನು 1958ರಲ್ಲಿ ಗಲ್ಲಿಗೇರಿಸಿದರು.

ಈಗ ನೀನು ಹೇಡಿಗಳು ಅಂದವರ ವಿಷಯ. ಒಂದು ಕೋಟಿಯೂ ಇಲ್ಲದ ದೇಶದಿಂದ ಸುಮಾರು 2 ಲಕ್ಷ ಜನ ಹೊರಟರು. ಆಸ್ಟ್ರಿಯಾ ಗಡಿಯ ನೆಲಬಾಂಬುಗಳನ್ನು ಅದೇ ವರ್ಷ ತೆಗೆದಿದ್ದರು, ಅದರಿಂದಲೇ ದಾರಿಯಾಯಿತು. ಗಡಿಯಲ್ಲಿರುವ ಆಸ್ಟ್ರಿಯಾದ ಅಂಡಾವ್ ಎಂಬ ಹಳ್ಳಿಯ ಹತ್ತಿರ ಕಾಲುವೆಗೆ ಒಂದು ಸಣ್ಣ ಕಾಲುಸೇತುವೆ. ಅದೊಂದರ ಮೇಲೇ ಸುಮಾರು 70,000 ಜನ ದಾಟಿದರು. ನವೆಂಬರ್ 21ರಂದು ಸೋವಿಯತ್ ಸೈನಿಕರು ಅದನ್ನು ಸ್ಫೋಟಿಸಿದರು. ಆಮೇಲೂ ಜನ ಬಂದರು, ಆ ಚಳಿಯಲ್ಲಿ. ಕೂಸು ಅತ್ತರೆ ಎಲ್ಲರೂ ಸಿಕ್ಕಿಬೀಳುತ್ತಾರೆ ಎಂದು ತಾಯಂದಿರು ನಿದ್ದೆ ಔಷಧ ಕುಡಿಸಿ ಎತ್ತಿಕೊಂಡು ನಡೆದರು. ಇದು ಹೇಡಿಗಳು ಮಾಡುವ ಕೆಲಸವೇ, ಪ್ರವೀಣ?

ನಮ್ಮ ಮನೆಯನ್ನೇ ನೋಡು. ನಿನ್ನ ಆಯಿ ಆಗ ಹದಿನೆಂಟರ ಹುಡುಗಿ. ನಿಜಾಮನ ಕಾಲದ ರಜಾಕಾರರ ಹಾವಳಿಯಲ್ಲಿ ರಾತ್ರೋರಾತ್ರಿ ಕೊಪ್ಪಳದ ಹಳ್ಳಿ ಬಿಟ್ಟು ಗದಗದ ಕಡೆ ನಡೆದವಳು. ಒಲೆಯ ಮೇಲಿನ ಅನ್ನ ಹಾಗೇ ಬಿಟ್ಟು ಬಂದೆವು ಎಂದು ಸಾಯುವತನಕ ಹೇಳುತ್ತಿದ್ದಳು. ಅವಳು ಓಡಿಹೋದವಳು ಎಂದು ನಿನಗೆ ಯಾವತ್ತಾದರೂ ಅನಿಸಿದೆಯಾ?

ಇಬ್ಬರ ಹೆಸರು ಹೇಳುತ್ತೇನೆ. ಇಪ್ಪತ್ತರ ಹುಡುಗ ಆಂದ್ರಾಶ್ ಗ್ರೋಫ್ ಗಡಿ ದಾಟಿ ಅಮೆರಿಕಾ ಸೇರಿದರು. ಅವರೇ ಮುಂದೆ ಇಂಟೆಲ್ ಕಂಪನಿ ನಡೆಸಿದ ಆಂಡಿ ಗ್ರೋವ್. ಆರ್ಪಾದ್ ಗೊಂಟ್ಸ್ ಅಲ್ಲೇ ಉಳಿದರು. ರಾಜಿಗೆ ದಾರಿ ಹುಡುಕಲು ನೆಹರೂ ಸಹಾಯ ಮಾಡಬಹುದು ಎಂದು ನಂಬಿ ಬುಡಾಪೆಸ್ಟ್‌ನ ನಮ್ಮ ರಾಜತಾಂತ್ರಿಕರ ಬಾಗಿಲು ತಟ್ಟಿದವರು ಅವರು. ಅವರಿಗೆ ಜೀವಾವಧಿ ಶಿಕ್ಷೆಯಾಯಿತು. 1990ರಲ್ಲಿ ದೇಶದ ಅಧ್ಯಕ್ಷರಾದರು. ಇವರಲ್ಲಿ ಯಾರು ವೀರರು ಅಂತ ಆರಿಸಲು ನನಗೆ ಆಗುವುದಿಲ್ಲ.

ನಮ್ಮ ದೇಶದ ಪಾಲನ್ನೂ ತಿಳಿದುಕೋ. ಅದೇ ಹೊತ್ತಿಗೆ ಈಜಿಪ್ಟಿನ ಸೂಯೆಜ್ ಕಾಲುವೆಗಾಗಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಮಾಡಿದ ದಾಳಿಯನ್ನು ಗಟ್ಟಿಯಾಗಿ ಖಂಡಿಸಿದ ನಾವು ಹಂಗೇರಿಯ ವಿಷಯದಲ್ಲಿ ತಡವರಿಸಿದೆವು. ಅಲ್ಲಿ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಚುನಾವಣೆ ನಡೆಯಲಿ ಎಂಬ ನಿರ್ಣಯದ ವಿರುದ್ಧ ಮತ ಹಾಕಿದೆವು. ನನಗೆ ಇವತ್ತಿಗೂ ಅದು ನೋವು. ಯಾರಾದರೂ ಆ ಬಗ್ಗೆ ಕೇಳಿದರೆ ಸಮರ್ಥನೆ ಮಾಡಬೇಡ, ಹೌದು ಅನ್ನು.

ಬಿಡುವಾದಾಗ ಊರಾಚೆಯ ದೊಡ್ಡ ಸ್ಮಶಾನಕ್ಕೆ ಹೋಗಿ ಬಾ. ಅಲ್ಲಿನ 301ನೇ ವಿಭಾಗದಲ್ಲಿ ನಾಜ್ ಅವರನ್ನು ಬೋರಲಾಗಿ, ಹೆಸರಿಲ್ಲದೆ ಹೂತಿದ್ದರು. 1989ರಲ್ಲಿ ಮತ್ತೆ ಗೌರವದಿಂದ ಮಣ್ಣು ಮಾಡಿದರು. ಗೆಳೆಯನ ಅಜ್ಜಿ ಇದ್ದರೆ ಪಕ್ಕದಲ್ಲಿ ಕೂತು ಸುಮ್ನೆ ಕೇಳಿಸಿಕೋ. ಮೈದುನ ಯಾಕೆ ಹೋದರು ಅಂತ ಕೇಳಬೇಡ, ಅವರಾಗಿ ಹೇಳಲಿ.

ರಜೆಯಲ್ಲಿ ಅಂಡಾವ್‌ಗೂ ಹೋಗು. ಸೇತುವೆಯನ್ನು ಮತ್ತೆ ಕಟ್ಟಿದ್ದಾರೆ. ಅದರ ಮೇಲೆ ನಿಂತು ನೋಡಿ, ಆ ಕಾಲುವೆ ಎಷ್ಟು ಅಗಲ ಇದೆ ಅಂತ ನನಗೆ ಬರೆ.

ನಿನ್ನ ಕಾಕಾ