ಗೆಳೆಯನಿಗೊಂದು ಪತ್ರ: ಹುಳಿ ಜೌಗಿನ ಆರ್ಕಿಡ್

ಪ್ರಿಯ ಗೆಳೆಯಾ,

ಊರಿಗೆ ಬರುವಾಗ ಕ್ಯಾಲೊಪೋಗಾನ್ ಆರ್ಕಿಡ್‌ನ ಒಂದು ಗಡ್ಡೆಯನ್ನಾದರೂ ತಂದುಕೊಡು ಎಂದು ನೀನು ಬರೆದಿದ್ದೆ. ಅದನ್ನು ತರಲು ನನ್ನಿಂದ ಆಗುವುದಿಲ್ಲ. ಕಾರಣವನ್ನು ವಿವರವಾಗಿಯೇ ಬರೆಯುತ್ತೇನೆ.

ನಾನು ಅದನ್ನು ನೋಡಿದ್ದು ಅಮೆರಿಕದ ವೆಸ್ಟ್ ವರ್ಜೀನಿಯಾದ ಕ್ರ್ಯಾನ್‌ಬೆರಿ ಗ್ಲೇಡ್ಸ್‌ನಲ್ಲಿ, ಜೂನ್ ತಿಂಗಳ ಕೊನೆಯಲ್ಲಿ. ಸುಮಾರು 3,400 ಅಡಿ ಎತ್ತರದಲ್ಲಿ, ಬೆಟ್ಟಗಳ ನಡುವೆ ಹರಡಿರುವ 750 ಎಕರೆಯ ಆ ಸಂರಕ್ಷಿತ ಪ್ರದೇಶ ದೂರದಿಂದ ನಮ್ಮ ಮಲೆನಾಡಿನ ಹಡ್ಲಿನಂತೆಯೇ ಕಾಣುತ್ತದೆ. ಆದರೆ ನೆಲದ ಗುಣವೇ ಬೇರೆ. ಅಲ್ಲಿ ದಟ್ಟವಾಗಿ ಹಬ್ಬಿರುವ ಸ್ಫ್ಯಾಗ್ನಮ್ ಪಾಚಿ ನೀರಿನಲ್ಲಿರುವ ಅಲ್ಪಸ್ವಲ್ಪ ಲವಣಾಂಶವನ್ನೂ ಹೀರಿಕೊಂಡು, ಬದಲಿಗೆ ಆಮ್ಲವನ್ನು ಬಿಡುತ್ತದೆ. ಆ ಹುಳಿ ನೀರಿನಲ್ಲಿ ಸತ್ತ ಗಿಡಗಳು ಬೇಗ ಕೊಳೆಯುವುದಿಲ್ಲವಾದ್ದರಿಂದ ಗೊಬ್ಬರವೆಂಬುದು ಅಲ್ಲಿ ಹುಟ್ಟುವುದೇ ಕಡಿಮೆ. ಪಕ್ಕದಲ್ಲೇ ಇದ್ದ ಡ್ರೋಸೆರಾ ಎಂಬ ಗಿಡ ತನ್ನ ಅಂಟು ಎಲೆಗಳಲ್ಲಿ ಕೀಟ ಹಿಡಿದು ಬದುಕುತ್ತಿತ್ತು. ಇಂಥ ಬಡ ನೆಲದಲ್ಲಿ, ಹುಲ್ಲಿನ ಗರಿಯಂಥ ಒಂದೇ ಎಲೆಯ ಬುಡದಿಂದ ಎದ್ದ ತೆಳು ದಂಟಿನ ತುದಿಯಲ್ಲಿ ಮೂರು ಗುಲಾಬಿ ಹೂಗಳಿದ್ದವು.

ಹಲಗೆಯ ಕಾಲುದಾರಿಯ ಮೇಲೆ ಮೊಣಕಾಲೂರಿ ಹತ್ತಿರದಿಂದ ನೋಡಿದೆ. ಹೆಚ್ಚಿನ ಆರ್ಕಿಡ್‌ಗಳಲ್ಲಿ ಹೂವಿನ ತೊಟ್ಟು ತಿರುಚಿಕೊಳ್ಳುವುದರಿಂದ ತುಟಿಯಂಥ ದಳ ಕೆಳಗಿರುತ್ತದೆ. ಇದರಲ್ಲಿ ಅದು ನೆತ್ತಿಯ ಮೇಲೆ ನಿಂತಿದೆ. ಅದರ ಮೇಲೆ ಪರಾಗದ ಕುಚ್ಚಿನಂತೆ ಕಾಣುವ ಹಳದಿ ರೋಮಗಳಿವೆ. ಅಲ್ಲಿ ಪರಾಗವೂ ಇಲ್ಲ, ಮಕರಂದವೂ ಇಲ್ಲ. ನಂಬಿ ಬಂದ ಒಂದು ದುಂಬಿ ಆ ರೋಮಗಳನ್ನು ಹಿಡಿದುಕೊಂಡದ್ದೇ ತಡ, ದಳವು ಬುಡದಲ್ಲಿ ಕೀಲಿನಂತೆ ಮಡಚಿ, ದುಂಬಿಯನ್ನು ಕೆಳಗಿನ ನಡುಗಂಬದ ಮೇಲೆ ಅಂಗಾತ ಕೆಡವಿತು. ನಿಜವಾದ ಪರಾಗದ ಗಂಟು ಇರುವುದು ಆ ಕಂಬದ ತುದಿಯಲ್ಲಿ. ಅದು ಬೆನ್ನಿಗಂಟಿದ ದುಂಬಿ ಮತ್ತೊಂದು ಹೂವಿನಲ್ಲಿಯೂ ಹೀಗೆಯೇ ಬಿದ್ದರೆ ಮಾತ್ರ ಕಾಯಿ ಕಟ್ಟುತ್ತದೆ. ಕಾಯಿ ಕಟ್ಟಿದರೂ ಧೂಳಿನಷ್ಟು ಸಣ್ಣ ಬೀಜದಲ್ಲಿ ಆಹಾರದ ಸಂಗ್ರಹವಿಲ್ಲ. ನೆಲದಲ್ಲಿರುವ ತಕ್ಕ ಶಿಲೀಂಧ್ರ ಉಣಿಸಿದರೆ ಮಾತ್ರ ಮೊಳಕೆ ಬದುಕುತ್ತದೆ.

ಆ ಪಾಚಿ, ಆ ಹುಳಿ ನೀರು, ಆ ಶಿಲೀಂಧ್ರ, ಚಳಿಗಾಲದ ಆ ದೀರ್ಘ ನಿದ್ರೆ ಇವುಗಳನ್ನೆಲ್ಲ ಬಿಟ್ಟು ಗಡ್ಡೆಯೊಂದನ್ನೇ ಕಿತ್ತು ತಂದು ನಿನ್ನ ಅಡಿಕೆ ತೋಟದ ಗೊಬ್ಬರದ ಮಣ್ಣಿನಲ್ಲಿ ನೆಟ್ಟರೆ ಅದು ಕೊಳೆತುಹೋಗುತ್ತದೆ. ಹಲಗೆಯ ದಾರಿಯಿಂದ ಕೆಳಗಿಳಿಯಲು ಅಲ್ಲಿ ಪ್ರವಾಸಿಗರಿಗೆ ಅನುಮತಿಯಿಲ್ಲ. ಇದ್ದಿದ್ದರೂ ನಾನು ಕೀಳುತ್ತಿರಲಿಲ್ಲ.

ಮುಂದಿನ ವರ್ಷ ಮಗಳ ಮನೆಗೆ ಬರುವಾಗ ಜೂನ್ ಕೊನೆಗೆ ಟಿಕೆಟ್ ಮಾಡಿಸು. ಅರ್ಧ ಮೈಲಿಯ ದಾರಿ, ನಿಧಾನವಾಗಿ ನಡೆಯೋಣ.

ಇಂತಿ ನಿನ್ನ ಗೆಳೆಯ