ಸಲ್ಫೈಡ್ ಜೊತೆಗೆ ಬಸಾಲ್ಟನ್ನೂ ಜೋಪಾನ ಮಾಡಲಿ

ಮಾನ್ಯ ಸಂಪಾದಕರೇ,

ಹಿಂದೂ ಮಹಾಸಾಗರದ ತಳದ ಪರ್ವತಸಾಲಾದ ಕಾರ್ಲ್ಸ್‌ಬರ್ಗ್ ರಿಡ್ಜ್‌ನಲ್ಲಿ ಸಲ್ಫೈಡ್ ಅದಿರು ಶೋಧಿಸಲು ಭಾರತ 2025ರಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಚರ್ಚೆಯೆಲ್ಲ ತಾಮ್ರ, ಚಿನ್ನದ ಸುತ್ತಲೇ ನಡೆಯುತ್ತಿದೆ. ಅದಿರಿನ ಜೊತೆ ಮೇಲೆ ಬರುವ ಕಪ್ಪು ಲಾವಾಶಿಲೆ ಬಸಾಲ್ಟಿಗೂ ಅಷ್ಟೇ ಬೆಲೆಯಿದೆ: ತೊಗಟೆಯ ಕೆಳಗಿನ ಪದರವಾದ ಮ್ಯಾಂಟಲ್‌ನ ಗುರುತು ಅದರಲ್ಲಿದೆ.

ಪಠ್ಯಪುಸ್ತಕದ ಚಿತ್ರಗಳಲ್ಲಿ ಮ್ಯಾಂಟಲ್ ಕೆಂಪು ದ್ರವದಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಘನಶಿಲೆ. ರಿಡ್ಜ್‌ನಲ್ಲಿ ಭೂಫಲಕಗಳು ದೂರ ಸರಿದಂತೆ ಪೆರಿಡೊಟೈಟ್ ಎಂಬ ಈ ಶಿಲೆ ಮೇಲೇರುತ್ತದೆ. ಬಿಸಿ ಹೆಚ್ಚಾಗಿ ಅಲ್ಲ, ಒತ್ತಡ ಇಳಿದು, ಸುಮಾರು 60 ಕಿ.ಮೀ. ಆಳದಲ್ಲಿ ಕರಗತೊಡಗುತ್ತದೆ. ಕರಗುವುದು ಸರಾಸರಿ ಹತ್ತರಲ್ಲೊಂದು ಪಾಲು. 6–7 ಕಿ.ಮೀ. ದಪ್ಪದ ಸಾಗರ ತೊಗಟೆ ಆಗುವುದು ಅದರಿಂದಲೇ.

ಕರಗುವಾಗ ಸ್ಟ್ರಾನ್ಷಿಯಂ, ಸೀಸದಂಥ ಭಾರ ಧಾತುಗಳ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಅನುಪಾತ ಬದಲಾಗದು. ಹಾಗಾಗಿ ಲಾವಾ ತನ್ನ ಮೂಲದ ಗುರುತನ್ನು ಹೊತ್ತೇ ಬರುತ್ತದೆ. ಹಿಂದೂ ಮಹಾಸಾಗರದ ರಿಡ್ಜ್ ಬಸಾಲ್ಟುಗಳಲ್ಲಿ ಸ್ಟ್ರಾನ್ಷಿಯಂ 87/86 ಪೆಸಿಫಿಕ್‌ಗಿಂತ ಹೆಚ್ಚು. ಸೀಸದ 206/204 ಸಮನಾಗಿದ್ದರೂ 208/204 ಹೆಚ್ಚು. ಭೂರಸಾಯನ ವಿಜ್ಞಾನಿಗಳಾದ ಡುಪ್ರೆ ಮತ್ತು ಅಲೆಗ್ರೆ 1983ರಲ್ಲೇ ಇದನ್ನು ತೋರಿಸಿದರು. ಪೂರ್ವದಲ್ಲಿ ಈ ಗುರುತು ಆಸ್ಟ್ರೇಲಿಯಾದ ದಕ್ಷಿಣಕ್ಕೆ ಥಟ್ಟನೆ ನಿಲ್ಲುತ್ತದೆ. ಇದಕ್ಕೆ, ಗೊಂಡ್ವಾನಾ ಎಂಬ ಪ್ರಾಚೀನ ಮಹಾಖಂಡ ಒಡೆದಾಗ ಖಂಡದ ಬುಡ ಕಳಚಿ ಮ್ಯಾಂಟಲ್‌ಗೆ ಬೆರೆತಿತೆಂಬ ವಿವರಣೆ ನನಗೆ ಹೆಚ್ಚು ಒಪ್ಪಿಗೆ. ಹಳೆಯ ಸಾಗರ ಕೆಸರು ಮರಳಿ ಸೇರಿತೆಂಬ ವಾದವೂ ಇದೆ. ದಕ್ಷಿಣ ಅಕ್ಷಾಂಶ 19 ಡಿಗ್ರಿಯ ಆಸುಪಾಸಿನ ಮಧ್ಯ ಹಿಂದೂ ಮಹಾಸಾಗರ ರಿಡ್ಜ್‌ನಲ್ಲಿ ರೀಯೂನಿಯನ್ ದ್ವೀಪದಡಿಯ ಪ್ಲೂಮಿನ (ಆಳದಿಂದೇರುವ ಬಿಸಿ ಶಿಲೆಯ ಕಂಬದ) ಅಂಶವೂ ಬೆರೆತಿದೆ. ವಿಜಯಪುರ, ಬೆಳಗಾವಿಯ 6.6 ಕೋಟಿ ವರ್ಷ ಹಳೆಯ ಡೆಕ್ಕನ್ ಲಾವಾಗಳನ್ನು ಬಹುತೇಕ ತಜ್ಞರು ಇದೇ ಪ್ಲೂಮಿಗೆ ಜೋಡಿಸುತ್ತಾರೆ.

ಮಾದರಿ ಕೆಡುವುದು ಸಮುದ್ರದ ನೀರಿನಿಂದ. ನೀರಿನ ಸ್ಟ್ರಾನ್ಷಿಯಂ ಅನುಪಾತ 0.709, ತಾಜಾ ಲಾವಾದ್ದು 0.703ರ ಸುತ್ತ, ಕಲ್ಲು ಸ್ವಲ್ಪ ಹಳಸಿದರೂ ಅಂಕಿ ಮೇಲೇರುತ್ತದೆ. ಆದ್ದರಿಂದ ದಿಂಬಿನಾಕಾರದ ಲಾವಾದ ಹೊರ ಅಂಚಿನಲ್ಲಿ ಥಟ್ಟನೆ ತಣಿದು ಆದ ಗಾಜನ್ನು ಹಡಗಿನಲ್ಲೇ ಬಿಡಿಸಿ, ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ಗಾಜು ಹಳಸಿ ಆಗುವ ಹಳದಿ-ಕಂದು ಪ್ಯಾಲಗೊನೈಟ್ ಅಂಟಿದ ಚೂರುಗಳನ್ನು ಸೂಕ್ಷ್ಮದರ್ಶಕದಡಿ ತೆಗೆದುಹಾಕಿ, ಉಳಿದದ್ದನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯಬೇಕು. ಗಾಜು ಸಿಗದಿದ್ದರೆ ಕಲ್ಲಿನ ಒಳಭಾಗ ಬಳಸಿ, ಸ್ಟ್ರಾನ್ಷಿಯಂಗಿಂತ ನಿಯೋಡಿಮಿಯಂ ಅಂಕಿಯನ್ನು ನಂಬುವುದು ಒಳಿತು. ಹೀಲಿಯಂ ಅಳೆಯಬೇಕಾದ ಗಾಜನ್ನು ಮೊದಲೇ ಪುಡಿ ಮಾಡಲೇಬಾರದು: ಗುಳ್ಳೆಗಳಲ್ಲಿ ಸಿಕ್ಕಿರುವ ಅನಿಲ ಹಾರಿಹೋಗುತ್ತದೆ. ನಿರ್ವಾತದಲ್ಲೇ ಜಜ್ಜಬೇಕು.

ಪ್ರತಿ ಡ್ರೆಜ್‌ನಿಂದ (ಸಮುದ್ರತಳ ಕೆರೆದು ಎತ್ತಿದ ರಾಶಿಯಿಂದ) ಅರ್ಧ ಕಿಲೋ ಗಾಜಂಚಿನ ಬಸಾಲ್ಟನ್ನು ಅಕ್ಷಾಂಶ, ರೇಖಾಂಶ, ಆಳದ ವಿವರದೊಂದಿಗೆ ಎತ್ತಿಟ್ಟು, ಅದರ ಪಟ್ಟಿಯನ್ನು ವಿಶ್ವವಿದ್ಯಾಲಯಗಳಿಗೆ ಮುಕ್ತವಾಗಿ ಕೊಡುವ ನಿಯಮವನ್ನು ಭೂವಿಜ್ಞಾನ ಸಚಿವಾಲಯ ಈ ಶೋಧದ ಮೊದಲ ಯಾನದಿಂದಲೇ ಜಾರಿ ಮಾಡಲಿ.

– ಭೂವಿಜ್ಞಾನ ಉಪನ್ಯಾಸಕ, ಧಾರವಾಡ